ಹಾಳೆ ಮುಖವಾಡ: ಕಣ್ಣಿನ ಕಾಟ ಮುಗಿಯಿತು

ನಾನು ತೆಗೆಯುತ್ತಿರುವ ಸ್ಲ್ಯಾಶರ್ ಚಿತ್ರಕ್ಕೆ, ಅಂದರೆ ಮುಖವಾಡದ ಕೊಲೆಗಾರ ಬೆನ್ನಟ್ಟಿ ಬರುವ ಭಯದ ಚಿತ್ರಕ್ಕೆ, ಅಡಿಕೆ ಹಾಳೆಯಲ್ಲಿ ಮಾಡಿದ ಮುಖವಾಡ ಕೊನೆಗೂ ಹೆದರಿಸಿತು. ಅದೂ ಕ್ಯಾಮೆರಾದಲ್ಲಿ. ಕೈಯಲ್ಲಿ ಹಿಡಿದು ನೋಡಿದರೆ ಯಾವ ಮುಖವಾಡವೂ ಚೆನ್ನಾಗೇ ಇರುತ್ತದೆ, ನಿಮಗೂ ಗೊತ್ತು.

ಅಡಿಕೆ ಹಾಳೆ ನೆನೆಸಿದ್ದು, ಮಣ್ಣಿನ ಅಚ್ಚಿಗೆ ಬಿಗಿದು ಕಟ್ಟಿದ್ದು, ಒಲೆಯ ಹತ್ತಿರ ಒಣಗಿಸಿದ್ದು ಇಲ್ಲಿ ಬರೆಯುವುದಿಲ್ಲ. ಹಾಳೆಯೇ ಯಾಕೆ ಅಂದರೆ, ಮುಖವಾಡಕ್ಕೆಂದು ಆನ್‌ಲೈನ್‌ನಲ್ಲಿ ತರಿಸಿದ ಲೇಟೆಕ್ಸ್, ಅಂದರೆ ರಬ್ಬರ್ ಹಾಲು, ಡಬ್ಬದೊಳಗೇ ಗಡ್ಡೆ ಕಟ್ಟಿತ್ತು. ಮಾರಿದವರಿಗೆ ಫೋನ್ ಮಾಡಿದರೆ 'ಚೆನ್ನಾಗಿ ಕಲಕಿ ನೋಡಿ ಸಾರ್' ಅಂದರು. ಕಲಕಿದೆ. ಕೋಲು ಮುರಿಯಿತು. ಸುತ್ತ ರಬ್ಬರ್ ತೋಟ ಇಟ್ಟುಕೊಂಡು ರಬ್ಬರ್ ಹಾಲನ್ನು ಕೊರಿಯರ್‌ನಲ್ಲಿ ತರಿಸುವ ಕರ್ಮ ನೋಡಿ! ಮರದಿಂದ ಇಳಿಸಿದ ಹಾಲಿಗೆ ಅಮೋನಿಯಾ ಹಾಕದಿದ್ದರೆ ಕೆಲವೇ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಅದಕ್ಕೇ ಆ ದಾರಿ ಬಿಟ್ಟೆ. ಹಾಳೆಗೆ ಹಿತ್ತಲಿಗೆ ಹೋದರೆ ಸಾಕು.

ತಲೆ ತಿಂದಿದ್ದು ಕಣ್ಣು.

ಬಿಳಿ ಮುಖ, ಎರಡು ತೂತು, ಒಳಗೆ ವಿಲನ್ ವೇಷ ಹಾಕಿದ ಭಾವನ ಕಣ್ಣು. ಭಾವ ಒಳ್ಳೆ ಎತ್ತರದ ಆಳು, ತೋಟದ ಸಾಲಿನ ನಡುವೆ ನಿಂತರೆ ಹೆದರಿಕೆ ಆಗಲೇಬೇಕು. ಕ್ಲಿಪ್ ನೋಡಿದ ಅಮ್ಮ ಕೇಳಿದ್ದು, 'ಭಾವ ಯಾಕೋ ಊಟದ ತಟ್ಟೆ ಮುಖಕ್ಕೆ ಕಟ್ಟಿಕೊಂಡು ನಿಂತಿದ್ದಾರೆ?'

ಕಣ್ಣು ಕಂಡಿತೋ, ಒಳಗಿರುವ ಮನುಷ್ಯ ಕಂಡ. ರೆಪ್ಪೆ ಬಡಿಯುತ್ತದೆ. ನಗು ತಡೆದುಕೊಂಡಿದ್ದೂ ಗೊತ್ತಾಗುತ್ತದೆ. ಯಕ್ಷಗಾನದ ಬಣ್ಣದ ವೇಷದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕಣ್ಣು ತಿರುಗಬೇಕು, ಆರ್ಭಟ ಕೇಳಬೇಕು, ರಾಕ್ಷಸನಿಗೆ ಸಿಟ್ಟು ಬಂದಿದೆ ಅಂತ ಕೊನೇ ಸಾಲಿನಲ್ಲಿ ತೂಕಡಿಸುವವನಿಗೂ ತಿಳಿಯಬೇಕು. ಸ್ಲ್ಯಾಶರ್ ವಿಲನ್‌ಗೆ ಸಿಟ್ಟು ಬಂದಿದೆಯೋ ಇಲ್ಲವೋ ಗೊತ್ತಾಗಲೇಬಾರದು. ಗೊತ್ತಾದರೆ ಮುಂದೇನು ಮಾಡುತ್ತಾನೆ ಅಂತ ಊಹಿಸಬಹುದು. ಅಲ್ಲಿಗೆ ಅರ್ಧ ಭಯ ಹೋಯಿತು.

1978ರ ಸ್ಲ್ಯಾಶರ್ ಚಿತ್ರ 'ಹ್ಯಾಲೋವೀನ್'ನ ಮುಖವಾಡದ ಕಥೆ ನಿಮಗೆಲ್ಲ ಬಾಯಿಪಾಠ. ಅಂಗಡಿಯಲ್ಲಿ ಸಿಕ್ಕ, 'ಸ್ಟಾರ್ ಟ್ರೆಕ್' ಸರಣಿಯ ಕ್ಯಾಪ್ಟನ್ ಕರ್ಕ್ ಮುಖ. ಚಿತ್ರದ ಕಲಾ ವಿನ್ಯಾಸಕ ಟಾಮಿ ಲೀ ವ್ಯಾಲೆಸ್ ಅದರ ಹುಬ್ಬು, ಕೆನ್ನೆಗೂದಲು ತೆಗೆದು, ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತನ್ನು ದೊಡ್ಡದು ಮಾಡಿದರು. ನನ್ನನ್ನು ಕಾಡಿದ್ದು ಈ ಕೊನೇದು. ತೂತು ದೊಡ್ಡದಾದರೆ ಕಣ್ಣು ಜಾಸ್ತಿ ಕಾಣಬೇಕು ಅಲ್ವಾ? ಆದರೂ ತೆರೆಯ ಮೇಲೆ ಹೆಚ್ಚಿನ ಕಡೆ ಕಾಣುವುದು ಕಪ್ಪು ಗುಳಿ ಮಾತ್ರ.

ಗುಟ್ಟು ಆಳದಲ್ಲಿದೆ. ನನ್ನ ಹಾಳೆ ಮುಖಕ್ಕೆ ಅಂಟಿಕೊಂಡು ಕೂರುತ್ತಿತ್ತು, ಕಣ್ಣು ತೂತಿನ ಬಾಯಿಗೇ ಬರುತ್ತಿತ್ತು. ಹಣೆಗೂ ಕೆನ್ನೆಗೂ ಒಳಗಿನಿಂದ ಫೋಮ್ ಅಂಟಿಸಿ ಮುಖವಾಡವನ್ನು ಒಂದು ಬೆರಳಿನಷ್ಟು ಮುಂದೆ ತಂದೆ. ತೂತಿನ ಹಿಂದೆ ಕಪ್ಪು ನೆಟ್ ಬಟ್ಟೆ. ಲೈಟನ್ನು ಎದುರಿನಿಂದ ತೆಗೆದು ಏಣಿಯ ಮೇಲಕ್ಕೆ ಏರಿಸಿದೆ. ಹುಬ್ಬಿನ ನೆರಳು ಬಿತ್ತು. ಕಣ್ಣು ಮಾಯ.

ಆಮೇಲೆ ಹೊಳಪು. ಶಿವಮೊಗ್ಗದಿಂದ ತಂದ ಬಣ್ಣದ ಡಬ್ಬದ ಮೇಲೆ ದೊಡ್ಡದಾಗಿ 'ಮ್ಯಾಟ್', ಅಂದರೆ ಹೊಳಪಿಲ್ಲದ್ದು, ಅಂತ ಇತ್ತು. ಒಣಗಿದ ಮೇಲೆ ಹೊಸ ಸ್ಕೂಟರ್ ಥರ ಮಿಂಚಿತು. ಅಂಗಡಿಯವರ ಉತ್ತರ: 'ಮಳೆಗಾಲ ಅಲ್ವಾ, ಹೊಳೆಯುತ್ತೆ.' ಅಕ್ರಿಲಿಕ್‌ಗೆ ಟಾಲ್ಕಂ ಪೌಡರ್ ಕಲಸಿ ಮೇಲೊಂದು ಕೋಟ್ ಕೊಟ್ಟೆ, ಜೊತೆಗೆ ಚಿಟಿಕೆ ಇದ್ದಿಲ ಪುಡಿ. ಅಪ್ಪಟ ಬಿಳಿ ಇಟ್ಟರೆ ಕತ್ತಲ ಶಾಟ್‌ನಲ್ಲಿ ಮುಖದ ವಿವರವೇ ಕಾಣದಷ್ಟು ಬೆಳ್ಳಗಾಗುತ್ತದೆ, ಕೊಳಕು ಬೂದು ಬಣ್ಣವೇ ಕ್ಯಾಮೆರಾಗೆ ಬಿಳಿಯಾಗಿ ಕಾಣುತ್ತದೆ.

ನೆಟ್ ಹಾಕಿದ್ದಕ್ಕೆ ಭಾವನಿಗೆ ಸಂಜೆ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ. ತೋಟದ ತುಂಬ ಬಸಿಗಾಲುವೆ. 'ಬಿದ್ದು ಕಾಲು ಮುರಿದರೆ ನಿನ್ನ ಅಕ್ಕನಿಗೆ ನೀನೇ ಹೇಳು ಮಾರಾಯ' ಅಂತ ಗೊಣಗುತ್ತಾ ಒಂದೊಂದೇ ಹೆಜ್ಜೆ ಇಟ್ಟರು. ತಲೆ ಅಲುಗದು, ಕೈ ಬೀಸದು, ಅವಸರವೇ ಇಲ್ಲ. ಮಾನಿಟರ್ ನೋಡುತ್ತಿದ್ದ ನನಗೆ ಬೆನ್ನು ತಣ್ಣಗಾಯಿತು. 'ಹ್ಯಾಲೋವೀನ್'ನ ಕೊಲೆಗಾರ ಮೈಕೆಲ್ ಮೈಯರ್ಸ್ ಪಾತ್ರ ಮಾಡಿದ ನಿಕ್ ಕ್ಯಾಸಲ್‌ಗೂ ನಿರ್ದೇಶಕ ಜಾನ್ ಕಾರ್ಪೆಂಟರ್ ಹೇಳಿದ್ದು ಸುಮ್ನೆ ನಡೆ ಅಂತ ಅಷ್ಟೇ. ಓಡುವವಳಿಗಿಂತ ನಿಧಾನ ಬರುವವನೇ ಮೊದಲು ತಲುಪುತ್ತಾನೆ ಅನ್ನಿಸಬೇಕು. ಗೊಣಗಾಟವನ್ನು ಮ್ಯೂಟ್ ಮಾಡಿ ಉಸಿರಿನ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡುತ್ತೇನೆ.

ಇನ್ನು ಬಾಗಿಲಿನ ಶಾಟ್ ಬಾಕಿ. ಅದೇ ಚಿತ್ರದಲ್ಲಿ ಛಾಯಾಗ್ರಾಹಕ ಡೀನ್ ಕಂಡಿ, ನಾಯಕಿಯ ಹಿಂದಿನ ಕತ್ತಲಿನಲ್ಲಿ ಮುಖವಾಡದ ಮೇಲೆ ಬೆಳಕನ್ನು ಮೆಲ್ಲಗೆ ಏರಿಸಿದ್ದರಲ್ಲ, ಅದನ್ನು ನಮ್ಮ ನಡುಮನೆಯ ಬಾಗಿಲಲ್ಲಿ ಮಾಡಬೇಕು. ಹಳೇ ಬುರುಡೆ ಬಲ್ಬಿಗೆ ಫ್ಯಾನ್ ರೆಗ್ಯುಲೇಟರ್ ಸಿಕ್ಕಿಸಿ ನೋಡಿದೆ, ಕೆಲಸ ಮಾಡುತ್ತದೆ. ಎಲ್‌ಇಡಿ ಬಲ್ಬಿಗೆ ಇದನ್ನು ಮಾಡಬೇಡಿ, ಮಿಣಮಿಣ ಅನ್ನುತ್ತದೆ.

ಅಷ್ಟರಲ್ಲಿ ಇನ್ನೊಂದು ಹೊಳೆದು ನಿದ್ದೆ ಕೆಟ್ಟಿದೆ. ಮುಂದಿನ ಚಿತ್ರಕ್ಕೆ ಮುಖವಾಡವೇ ಬೇಡ, ಮಳೆಗೆ ತಲೆ, ಬೆನ್ನಿನ ಮೇಲೆ ಹೊದೆಯುವ ಗೊರಬು ಸಾಕು. ಜೋರು ಮಳೆ, ಗದ್ದೆಯಲ್ಲಿ ಸಾಲಾಗಿ ಗೊರಬು ಹೊದ್ದು ಬಗ್ಗಿ ನಾಟಿ ಮಾಡುತ್ತಿರುವವರು. ದೂರದಿಂದ ವೈಡ್ ಶಾಟ್. ಒಂದು ಗೊರಬು ಮಾತ್ರ ನೆಟ್ಟಗೆ ನಿಂತಿದೆ. ಮುಖ ಇಲ್ಲ, ಕಣ್ಣಿನ ತಕರಾರೇ ಇಲ್ಲ! ಪೇಟೆಯಲ್ಲಿ ಕೇಳಿದರೆ ನೀಲಿ ಪ್ಲಾಸ್ಟಿಕ್ ಹೊದಿಕೆ ತೋರಿಸುತ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆ ಬಿದಿರ ಸೀಳು, ಎಲೆ ಹಾಕಿ ಹೆಣೆಯುವವರು ಗೊತ್ತಿದ್ದರೆ ಹೇಳಿ. ನಾಟಿ ಮುಗಿಯುವುದರೊಳಗೆ ಬೇಕು.