"ನನಗೋಸ್ಕರ ಫೋನ್ ಇಡಬೇಡಮ್ಮ"

ಹೋದ ಶನಿವಾರ ಇಲ್ಲಿ ಕೆನಡಾದ ಕಿಚನರ್ ಊರಿನ ಮಾರ್ಕೆಟ್‌ನಲ್ಲಿ ಒಂದು ಅಜ್ಜಿ ಹೇಳಿದ ಮಾತಿದು. ಒಂದು ವಾರವಾಯಿತು, ಇನ್ನೂ ಕಿವಿಯಲ್ಲೇ ಇದೆ.

ಬೆಳಿಗ್ಗೆ ಒಂಬತ್ತು, ಅಂದರೆ ಊರಲ್ಲಿ ಸಂಜೆ ಆರೂವರೆ. ಅಮ್ಮ ದೀಪ ಹಚ್ಚಿ ಬಂದು ಫೋನ್ ಮಾಡುವ ಹೊತ್ತು. ಈ ಸಲದ ಉಪ್ಪಿನಕಾಯಿಗೆ ಬೂಷ್ಟು ಬಂದಿದೆಯಂತೆ, ಉಪ್ಪು ಕಮ್ಮಿ ಹಾಕಿದ್ದು ಅತ್ತಿಗೆಯಂತೆ. (ಆ ಮನೆಯಲ್ಲಿ ಏನು ಕೆಟ್ಟರೂ ಅತ್ತಿಗೆಯೇ ಕಾರಣ. ನಾನು ಇದ್ದಾಗ ನಾನಾಗಿದ್ದೆ.) ಹುಳಿ ಬರಿಸಿದ ಎಲೆಕೋಸು, ಅದೇ ಸಾವರ್‌ಕ್ರೌಟ್, ಮಾರುವ ಅಜ್ಜಿಯ ಮುಂದೆ ನಿಂತು ಜೋರಾಗಿ ನಗುತ್ತಿದ್ದೆ. ಅಜ್ಜಿ ತಲೆ ಎತ್ತಿ ನೋಡಿತು. ಅಷ್ಟೇ. ನನ್ನ ದನಿ ತಾನಾಗಿ ಇಳಿಯಿತು. "ಆಮೇಲೆ ಮಾಡ್ತೀನಮ್ಮ" ಅಂತ ಕಟ್ ಮಾಡಿದೆ.

ಅದಕ್ಕೆ ಮೂರು ದಿನ ಮುಂಚೆ ಟ್ರೈನಲ್ಲಿ ಒಬ್ಬ "ಇಲ್ಲಿ ಇಂಗ್ಲಿಷ್ ಮಾತಾಡು" ಅಂದಿದ್ದ. ಕುಡಿದಿರಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಕಾಫಿ. ಕುಡಿದಿದ್ದರೆ ಮರೆತುಬಿಡುತ್ತಿದ್ದೆನೇನೋ.

"ನನಗೋಸ್ಕರ ಫೋನ್ ಇಡಬೇಡಮ್ಮ" ಅಂದಿತು ಅಜ್ಜಿ. "ನಮ್ಮಜ್ಜಿನೂ ಹೀಗೇ ಮಾಡ್ತಿದ್ದಳು, ಸಾಯೋವರೆಗೂ. ಹಿಂದೆ ಬೂಟಿನ ಸದ್ದು ಕೇಳಿಸಿದರೆ ಸಾಕು, ಜರ್ಮನ್ ನಿಂತುಹೋಗ್ತಿತ್ತು."

"ಯಾರ ಬೂಟು?"

"ನಮ್ಮ ಸೋಲ್ಜರ್‌ಗಳದ್ದೇ. ಅಜ್ಜಿಯ ತಮ್ಮನೂ ಅವರಲ್ಲೊಬ್ಬ."

ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಬೇಡದಿದ್ದರೂ ಒಂದು ಬಾಟಲಿ ತಗೊಂಡು ಬಂದೆ.

ಕಿಚನರ್‌ಗೆ ಮೊದಲು ಬರ್ಲಿನ್ ಅಂತ ಹೆಸರಿತ್ತು ಅನ್ನುವುದು ಈ ಊರಿಗೆ ಬಂದವರಿಗೆಲ್ಲ ಬೇಗ ಗೊತ್ತಾಗುತ್ತದೆ. ನನಗೂ ಗೊತ್ತಿತ್ತು, ಕ್ವಿಜ್ ಉತ್ತರದ ಥರ. ಆ ರಾತ್ರಿ ಕೂತು ಓದಿದಾಗ ನಿದ್ದೆ ಬರಲಿಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಈ ಊರಲ್ಲಿ ಹತ್ತರಲ್ಲಿ ಏಳು ಜನ ಜರ್ಮನ್ ಮೂಲದವರು. ಅಂಗಡಿ, ಚರ್ಚು, ಹಾಡಿನ ಮೇಳಗಳಲ್ಲಿ ಜರ್ಮನ್ ಕೇಳಿಸುತ್ತಿತ್ತು. ವಿಕ್ಟೋರಿಯಾ ಪಾರ್ಕಿನಲ್ಲಿ ಕೈಸರ್ ಒಂದನೇ ವಿಲ್ಹೆಲ್ಮ್‌ನ ಕಂಚಿನ ತಲೆ ಕೂರಿಸಿದ್ದರು. ರಾಣಿ ವಿಕ್ಟೋರಿಯಾ ಹೆಸರಿನ ಪಾರ್ಕಿನಲ್ಲಿ ಜರ್ಮನ್ ಚಕ್ರವರ್ತಿ! 1897ರಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. 1914ರ ಆಗಸ್ಟ್‌ನಲ್ಲಿ ಬ್ರಿಟನ್ ಜೊತೆ ಕೆನಡಾವೂ ಜರ್ಮನಿಯ ಮೇಲೆ ಯುದ್ಧಕ್ಕಿಳಿದಾಗ ಅದನ್ನು ಕಿತ್ತು ಅಲ್ಲೇ ಕೆರೆಗೆ ಎಸೆದರು. ಮೇಲೆತ್ತಿ ಜರ್ಮನ್ನರ ಕಾಂಕಾರ್ಡಿಯಾ ಕ್ಲಬ್ಬಿನಲ್ಲಿ ಇಟ್ಟರು. 1916ರ ಫೆಬ್ರವರಿಯಲ್ಲಿ ಊರಿನದೇ ಸೈನ್ಯದ ತುಕಡಿ 118ನೇ ಬೆಟಾಲಿಯನ್‌ನವರು ಕ್ಲಬ್ಬಿಗೆ ನುಗ್ಗಿ ಅದನ್ನು ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡಿದರು. ಆಮೇಲೆ ಅದು ಕಾಣಲೇ ಇಲ್ಲ. ಕರಗಿಸಿ ಊಟದ ಮೇಜಿನ ನ್ಯಾಪ್ಕಿನ್ ಸಿಕ್ಕಿಸುವ ಉಂಗುರ ಮಾಡಿಕೊಂಡರು ಅಂತ ಕಥೆ ಇದೆ.

ತಲೆ ಹೋದರೆ ಹೋಗಲಿ, ಕಂಚಿನದು. ಆದರೆ ಮಾರ್ಚ್‌ನಲ್ಲಿ ಅದೇ ಸೋಲ್ಜರ್‌ಗಳು ಲೂಥರನ್ ಪಾದ್ರಿ ಟ್ಯಾಪರ್ಟ್ ಅವರ ಮನೆಗೆ ನುಗ್ಗಿ, ಅವರನ್ನು ಹೊಡೆದು ಬೀದಿಯಲ್ಲಿ ಎಳೆದಾಡಿದರು. ಆ ಪಾದ್ರಿ ತಮ್ಮ ಜರ್ಮನ್ ಅಭಿಮಾನವನ್ನು ಮುಚ್ಚಿಟ್ಟುಕೊಳ್ಳದೆ ಮಾತಾಡುವವರು. ಬಾಯಿ ಬಿಗಿಹಿಡಿಯಬಹುದಿತ್ತಲ್ವಾ ಅಂತ ಓದುವಾಗ ನನಗೇ ಅನ್ನಿಸಿತು. ಅನ್ನಿಸಿದ ಮರುಕ್ಷಣ ಟ್ರೈನಿನ ಇಸ್ತ್ರಿ ಶರ್ಟು ನೆನಪಾಯಿತು.

ಬೆಟಾಲಿಯನ್ನಿಗೆ ಜನ ಸಾಲುತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕ ಗಂಡಸರನ್ನು ಎಳೆದುಕೊಂಡು ಹೋಗಿ ಸೇರು ಅಂತ ಪೀಡಿಸುತ್ತಿದ್ದರು. ಕಾರ್ಖಾನೆಯವರಿಗೆ ಬೇರೆ ಚಿಂತೆ. 'ಬರ್ಲಿನ್‌ನಲ್ಲಿ ತಯಾರಾದದ್ದು' ಅಂದರೆ ಸಾಮಾನು ಯಾರು ತಗೋತಾರೆ? ದೇಶಭಕ್ತಿ ಮತ್ತು ವ್ಯಾಪಾರ ಒಟ್ಟಿಗೆ ಬಂದರೆ ಊರಿನ ಹೆಸರು ಎಷ್ಟು ದಿನ ನಿಂತೀತು? 1916ರ ಮೇ 19ರಂದು ಮತ ಹಾಕಿದರು. ಬದಲಿಸಿ ಅಂದವರು 1,569, ಬೇಡ ಅಂದವರು 1,488. ಬರೀ 81 ಮತ!

ಹೊಸ ಹೆಸರಿನ ಪಟ್ಟಿಯಲ್ಲಿ 'ಅಡನಾಕ್' ಅಂತ ಒಂದಿತ್ತು. ಕೆನಡಾ ಅನ್ನುವುದನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಬರೆದದ್ದು! ಗಂಡನಿಗೆ ಓದಿ ಹೇಳಿದೆ. "ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹೆಸರು ಇಟ್ಟವರ ಪೈಕಿ ಇರಬೇಕು" ಅಂದರು. ಅಷ್ಟರಲ್ಲಿ ಜೂನ್ 5ರಂದು ಬ್ರಿಟನ್ನಿನ ಯುದ್ಧಮಂತ್ರಿ ಲಾರ್ಡ್ ಕಿಚನರ್ ಹಡಗು ಮುಳುಗಿ ಸತ್ತ. ಅವನ ಹೆಸರೂ ಪಟ್ಟಿಗೆ ಸೇರಿತು. ಮತ ಹಾಕಲು ಬಂದವರು 892 ಜನ, ಅವನಿಗೆ ಬಿದ್ದದ್ದು 346. ಸೆಪ್ಟೆಂಬರ್ 1ರಿಂದ ಊರು ಕಿಚನರ್. ಈ ಮಹಾಶಯ 1902ರಿಂದ 1909ರವರೆಗೆ ನಮ್ಮ ಭಾರತದಲ್ಲೇ ಸೇನಾಧಿಪತಿಯಾಗಿದ್ದವನು. ಅದಕ್ಕೂ ಮುಂಚೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್, ಅಂದರೆ ಡಚ್ ಮೂಲದ, ಹೆಂಗಸರು ಮಕ್ಕಳನ್ನು ಕ್ಯಾಂಪುಗಳಲ್ಲಿ ಕೂಡಿಹಾಕಿದ ಸೈನ್ಯದ ನಾಯಕನೂ ಅವನೇ. ನಾನು ದಿನಾ ವಿಳಾಸದಲ್ಲಿ ಬರೆಯುವ ಹೆಸರು.

ಅಂಕಿಗಳೆಲ್ಲ ಸಿಗುತ್ತವೆ. ಆದರೆ ಅಜ್ಜಿಯ ಅಜ್ಜಿ ಮತ್ತು ಅವಳ ತಮ್ಮ ರಾತ್ರಿ ಊಟಕ್ಕೆ ಕೂತಾಗ ಯಾವ ಭಾಷೆಯಲ್ಲಿ ಮಾತಾಡಿದರು? ಅವನು ಬೂಟು ಬಿಚ್ಚಿಟ್ಟು ಬಂದ ಮೇಲೆ? ಅಮ್ಮನನ್ನು ಪಲ್ಯ ಹಾಕು ಅಂತ ಜರ್ಮನ್‌ನಲ್ಲೇ ಕೇಳಿರಬೇಕಲ್ವಾ?

ಭಾನುವಾರ ವಿಕ್ಟೋರಿಯಾ ಪಾರ್ಕಿಗೆ ಹೋಗಿ ಆ ಕೆರೆ ನೋಡಿ ಬಂದೆ. ಬಾತುಕೋಳಿಗಳು, ಐಸ್‌ಕ್ರೀಮ್ ಹಿಡಿದ ಮಕ್ಕಳು, ಪಂಜಾಬಿ, ಮಲಯಾಳ, ಅರಬ್ಬಿ. ಈಗ ಅಕ್ಟೋಬರ್ ಬಂದರೆ ಇದೇ ಊರು ಜರ್ಮನ್ ಟೊಪ್ಪಿಗೆ ಹಾಕಿಕೊಂಡು ಅಕ್ಟೋಬರ್‌ಫೆಸ್ಟ್ ಕುಣಿಯುತ್ತದೆ. ಕಾಂಕಾರ್ಡಿಯಾ ಕ್ಲಬ್ಬಿನಲ್ಲೂ ಬಿಯರ್ ಹರಿಯುತ್ತದೆ. ನನಗೆ ಖುಷಿಯೂ ಆಗುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಆ ಅಜ್ಜಿಯ ಅಜ್ಜಿಗೆ ಯಾರಾದರೂ ಬಂದು "ಈಗ ಮಾತಾಡಬಹುದಮ್ಮ" ಅಂತ ಹೇಳಿದ್ದರಾ?

ಇನ್ನೊಂದು ವಿಷಯ. ಬರೆಯಬಾರದು ಅಂತಿದ್ದೆ, ಬರೆಯುತ್ತೇನೆ. ಬೆಂಗಳೂರಿನಲ್ಲಿದ್ದಾಗ ನಮ್ಮ ಗೇಟಿನ ಸೆಕ್ಯುರಿಟಿ ಹುಡುಗನ ಮೇಲೆ ಒಮ್ಮೆ "ಕನ್ನಡ ಬರಲ್ವಾ?" ಅಂತ ರೇಗಿದ್ದೆ. ಒಡಿಶಾದವನು, ಬಂದು ಎರಡು ತಿಂಗಳಾಗಿತ್ತಂತೆ. ಆಮೇಲೆ ನಾನು ಗೇಟು ದಾಟುವಾಗೆಲ್ಲ ಅವನು ಫೋನಿನಲ್ಲಿ ದನಿ ಇಳಿಸುತ್ತಿದ್ದ. ಅದು ಬೇರೆ, ಇದು ಬೇರೆ ಅಂತ ನಾನೂ ವಾದ ಮಾಡಬಲ್ಲೆ. ನಮ್ಮೂರಲ್ಲಿ ನಮ್ಮ ಭಾಷೆ ಕೇಳುವುದು ತಪ್ಪಾ ಅಂತ. ತಪ್ಪಲ್ಲ. ಆದರೆ ಆ ಹುಡುಗ ದನಿ ಇಳಿಸಿದ್ದು ಥೇಟ್ ನನ್ನ ಹಾಗೇ ಇತ್ತು. ಆಗ ನನಗೆ ಅದು ಮರ್ಯಾದೆ ಅನ್ನಿಸಿತ್ತು.

ಇವತ್ತು ಮತ್ತೆ ಮಾರ್ಕೆಟ್‌ಗೆ ಹೋದೆ. ಅಜ್ಜಿಯ ಮುಂದೆಯೇ ನಿಂತು ಬೇಕಂತಲೇ ಅಮ್ಮನಿಗೆ ನಾನೇ ಫೋನ್ ಮಾಡಿದೆ. ಉಪ್ಪಿನಕಾಯಿ ಏನಾಯ್ತು, ಅತ್ತಿಗೆ ಹೇಗಿದ್ದಾಳೆ, ಮಳೆ ಬಂತಾ ಅಂತೆಲ್ಲ ಕೇಳಿದೆ. ಅಜ್ಜಿ ಬಾಟಲಿ ಒರೆಸುತ್ತಾ ನಗುತ್ತಿತ್ತು.

"ಯಾಕೇ ಹೀಗೆ ಕಿರುಚ್ತಿದ್ದೀಯಾ?" ಅಂದರು ಅಮ್ಮ. "ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ."