ಆ ಡ್ರಮ್ ಸೌಂಡ್ ಯಾವ ಪ್ಲಗಿನ್‌ನಲ್ಲಿ ಬರುತ್ತೆ ಅಂತ ಕೇಳುವವರಿಗೆ

ಯಾವ ಪ್ಲಗಿನ್‌ನಲ್ಲೂ ಬರುವುದಿಲ್ಲ.

ಇಷ್ಟೇ ನನ್ನ ಉತ್ತರ. (ಪ್ಲಗಿನ್ ಅಂದರೆ ಕಂಪ್ಯೂಟರಿನಲ್ಲಿ ಸದ್ದು ಬದಲಿಸುವ ಸಾಫ್ಟ್‌ವೇರ್.) ಶೋ ಮುಗಿದ ಮೇಲೆ, ಫೋನಿನಲ್ಲಿ, ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ಇದನ್ನು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಕಾರಣ ಸಮೇತ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಜನ ಕೇಳುವುದು ಅಮೆರಿಕದ 1960 ಮತ್ತು 70ರ ದಶಕದ ಸೋಲ್ ಹಾಡುಗಳ, ಅಂದರೆ ಕಪ್ಪು ಅಮೆರಿಕನ್ನರ ಜನಪ್ರಿಯ ಹಾಡುಗಳ, ಡ್ರಮ್ ಬಗ್ಗೆ. ಒಣಗಿದ, ಗಟ್ಟಿ ಸ್ನೇರ್ (ಡ್ರಮ್ಮರ್ ಎದುರಿಗಿರುವ ಚಿಕ್ಕ ಡ್ರಮ್). ಎದೆಗೆ ಗುದ್ದದೆ ಮೆತ್ತಗೆ ನೆಲ ಹಿಡಿಯುವ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್). ಹಾಡಿನ ಮೇಲೆಲ್ಲ ಹರಡಿಕೊಳ್ಳದ ಸಿಂಬಲ್. "ಆ ಸೌಂಡ್ ಬೇಕು" ಅನ್ನುತ್ತಾರೆ. ಒಂದೇ ಸೌಂಡ್ ಇದ್ದ ಹಾಗೆ! ನನಗೆ ಮೊದಲು ರೇಗುವುದೇ ಅಲ್ಲಿ. ಡೆಟ್ರಾಯಿಟ್‌ನದು ಬೇಕೋ, ಮೆಂಫಿಸ್‌ನದು ಬೇಕೋ, ಅಲಬಾಮಾದ ಮಸಲ್ ಶೋಲ್ಸ್‌ನದು ಬೇಕೋ? ಒಂದೊಂದು ಊರಿಗೂ ಒಂದೊಂದು ಸದ್ದಿತ್ತು.

ಡೆಟ್ರಾಯಿಟ್‌ನ ಮೋಟೌನ್ ಕಂಪನಿ ರೆಕಾರ್ಡ್ ಮಾಡುತ್ತಿದ್ದದ್ದು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಮನೆಯಲ್ಲಿ. ಇಕ್ಕಟ್ಟಾದ ಕೋಣೆ, ತುಂಬ ಜನ. ಬೆನ್ನಿ ಬೆಂಜಮಿನ್, ಯೂರಿಯಲ್ ಜೋನ್ಸ್, ರಿಚರ್ಡ್ ಆಲೆನ್ ಅಲ್ಲಿ ಡ್ರಮ್ ಬಾರಿಸುತ್ತಿದ್ದರು. ಎಷ್ಟೋ ಹಾಡುಗಳಲ್ಲಿ ಸ್ನೇರ್ ಏಟಿನ ಜೊತೆಗೇ ಟ್ಯಾಂಬರಿನ್ (ಪುಟ್ಟ ತಟ್ಟೆಗಳು ಝಲ್ಲೆನ್ನುವ ಕೈವಾದ್ಯ) ಬೀಳುತ್ತದೆ. ಕೇಳುವವರು ಎರಡನ್ನೂ ಸೇರಿಸಿ ಸ್ನೇರ್ ಅಂದುಕೊಳ್ಳುತ್ತಾರೆ. ಆಮೇಲೆ ತಮ್ಮ ಸ್ನೇರ್‌ಗೆ ಟ್ರೆಬಲ್ ಏರಿಸಿ ಏರಿಸಿ ಕಿವಿ ಕೊರೆಯುವ ಹಾಗೆ ಮಾಡುತ್ತಾರೆ. ಬೇಕಿದ್ದದ್ದು ಒಂದು ಟ್ಯಾಂಬರಿನ್, ಅಷ್ಟೇ. 1965ರ 'ನೋವೇರ್ ಟು ರನ್' ಹಾಡಿನಲ್ಲಿ, ಹಿಮದಲ್ಲಿ ಕಾರಿನ ಟಯರಿಗೆ ಸುತ್ತುವ ಸರಪಳಿಯನ್ನೇ ತಾಳಕ್ಕೆ ಬಳಸಿದ್ದಾರೆ. ಅದನ್ನು ಯಾವ ಪ್ಲಗಿನ್‌ನಲ್ಲಿ ಹುಡುಕುತ್ತೀರಿ?

ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಬೇರೆಯೇ ಲೋಕ. ಅದು ಹಳೆಯ ಸಿನಿಮಾ ಥಿಯೇಟರ್. ಸೀಟು ಕಿತ್ತರೂ ನೆಲದ ಇಳಿಜಾರು ಹಾಗೇ ಉಳಿಯಿತು. ಡ್ರಮ್ಮರ್ ಆಲ್ ಜಾಕ್ಸನ್ ಜೂನಿಯರ್ ಸ್ನೇರ್ ಮೇಲೆ ತಮ್ಮ ಪರ್ಸನ್ನೇ ಇಟ್ಟು ಬಾರಿಸುತ್ತಿದ್ದರು. ಗುಂಯ್‌ಗುಡುವುದು ಅಲ್ಲೇ ನಿಂತುಹೋಗುತ್ತಿತ್ತು. ಆದರೆ ಪರ್ಸ್ ಇಟ್ಟ ಮಾತ್ರಕ್ಕೆ ಆಲ್ ಜಾಕ್ಸನ್ ಆಗುವುದಿಲ್ಲ. 1965ರಲ್ಲಿ ಅಲ್ಲಿ 'ಇನ್ ದ ಮಿಡ್‌ನೈಟ್ ಅವರ್' ರೆಕಾರ್ಡ್ ಆಗುವಾಗ, ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್ ಎದ್ದು ಬಂದು 'ಜರ್ಕ್' ಅನ್ನುವ ಡಾನ್ಸ್ ಮಾಡಿ ತೋರಿಸಿದರು. ನಾಲ್ಕೇಟಿನ ತಾಳದಲ್ಲಿ ತೂಕ ಎರಡನೇ ಏಟಿಗೆ ಬೀಳಲಿ ಅಂತ. ಆಲ್ ಜಾಕ್ಸನ್ ಮತ್ತು ಗಿಟಾರಿನ ಸ್ಟೀವ್ ಕ್ರಾಪರ್ ಇಬ್ಬರೂ ಸೇರಿ ಆ ಏಟನ್ನು ಕೂದಲೆಳೆಯಷ್ಟು ತಡ ಮಾಡಿದರು. ಆ ಸ್ನೇರ್ ಅಷ್ಟು ದಪ್ಪಗೆ ಕೇಳುವುದಕ್ಕೆ ಅರ್ಧ ಕಾರಣ ಆ ತಡವೇ ಅಂತ ನಾನು ನಂಬಿದ್ದೇನೆ. ನಾವು ಸದ್ದು ಅಂದುಕೊಂಡದ್ದು ಎಷ್ಟೋ ಸಲ ಏಟು ಬಿದ್ದ ಕಾಲ.

ಒಂದು ಬ್ಯಾಂಡಿನವರು ರೆಕಾರ್ಡಿಂಗಿಗೆ ನನ್ನ ಹತ್ತಿರ ಬಂದದ್ದು ನೆನಪಾಗುತ್ತದೆ. ಗಿಟಾರ್ ನುಡಿಸುವ ಹುಡುಗನದೇ ಎಲ್ಲ ಓಡಾಟ. ಎಂಟು ಮೈಕ್ ತಂದಿದ್ದ. ಸ್ನೇರ್‌ಗೆ ಮೇಲೊಂದು, ಕೆಳಗೊಂದು, ಕಿಟ್‌ನ ಉಳಿದ ಡ್ರಮ್‌ಗಳಾದ ಟಾಮ್‌ಗಳಿಗೂ ಒಂದೊಂದು. ಡ್ರಮ್ಮರ್ ಮೈದಾನದ ಕೊನೆಯವರೆಗೂ ಕೇಳಬೇಕು ಅನ್ನುವಂತೆ ಬಾರಿಸುತ್ತಿದ್ದರು. ಬೇಸ್‌ನವರು ಹೆಡ್‌ಫೋನ್ ಇಲ್ಲದೆ ತಮ್ಮ ಸ್ವರವನ್ನೇ ಕೇಳುವ ಹಾಗಿರಲಿಲ್ಲ. "ಸ್ಟ್ಯಾಕ್ಸ್ ಥರ ಮಾಡಿಕೊಡಿ" ಅಂದ ಹುಡುಗ.

ಮೈಕ್‌ಗಳನ್ನೆಲ್ಲ ತೆಗೆಸಿದೆ. ಡ್ರಮ್ಮರ್ ತಲೆಗಿಂತ ಸ್ವಲ್ಪ ಎತ್ತರಕ್ಕೆ ಒಂದನ್ನು ಮಾತ್ರ ನಿಲ್ಲಿಸಿದೆ. ಸ್ನೇರ್‌ನ ಶ್ರುತಿ ಇಳಿಸಿ, ಅಂಚಿಗೆ ಮಡಚಿದ ಬಟ್ಟೆ ಇಟ್ಟೆ. ಬೇಸ್‌ನವರನ್ನು ಪಕ್ಕದಲ್ಲೇ ಕೂರಿಸಿದೆ. "ಹೆಡ್‌ಫೋನ್ ಇಲ್ಲದೆ ಅವರ ಬೇಸ್ ನಿಮಗೆ ಕೇಳಬೇಕು, ಅದಕ್ಕಿಂತ ಜೋರಾಗಿ ಬಾರಿಸಬೇಡಿ" ಅಂತ ಡ್ರಮ್ಮರ್‌ಗೆ ಹೇಳಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಬೇಸ್ ಕೇಳಿಸಿಕೊಂಡರು. ಆಮೇಲೆ ಶುರು ಮಾಡಿದರು. ಅಬ್ಬಾ, ಎಂಥ ಸದ್ದು ಬಂತು! ಹೈ-ಹ್ಯಾಟ್ (ಜೋಡಿ ಸಿಂಬಲ್) ತಾನಾಗಿ ಹಿಂದೆ ಸರಿಯಿತು. ಕಿಕ್ ಮತ್ತು ಬೇಸ್ ಒಂದೇ ಆದವು.

ಹುಡುಗ ಓಡಿ ಬಂದು ಕೇಳಿದ: "ಸರ್, ಇದು ಯಾವ ಪ್ರೀಆಂಪ್?"

ಅವನ ಪ್ರಶ್ನೆ ಮೈಕ್‌ನ ಸದ್ದನ್ನು ಏರಿಸುವ ಪೆಟ್ಟಿಗೆಯ ಬಗ್ಗೆ. ಕೋಲು ಹಿಡಿದು ಕೂತಿದ್ದ ಆ ಮನುಷ್ಯನಿಗೆ ಅವನು ಒಂದು ಮಾತೂ ಹೇಳಲಿಲ್ಲ. ನನಗೆ ಇವತ್ತಿಗೂ ಅದೇ ಕೋಪ.

ಮೈಕ್ ಜಾಸ್ತಿಯಾದರೆ ಏನಾಗುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಒಂದೇ ಸ್ನೇರ್ ಏಟು ಎಂಟು ಮೈಕ್‌ಗೆ ಎಂಟು ಹೊತ್ತಿಗೆ ಮುಟ್ಟುತ್ತದೆ. ಎಲ್ಲ ಸೇರಿಸಿದಾಗ ಕೆಲವು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ನೇರ್ ತೆಳ್ಳಗಾಗುತ್ತದೆ. ಆ ಕಾಲದವರ ಹತ್ತಿರ ಅಷ್ಟು ಮೈಕ್ ಹಾಕುವ ಟ್ರ್ಯಾಕೇ (ಟೇಪಿನಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಆಗುವ ಸಾಲು) ಇರಲಿಲ್ಲ. ಮೋಟೌನ್‌ನಲ್ಲಿ 60ರ ದಶಕದ ಶುರುವಿನಲ್ಲಿ ಇದ್ದದ್ದು ಮೂರು ಟ್ರ್ಯಾಕ್. ಡ್ರಮ್ ಇನ್ನೊಂದು ವಾದ್ಯದ ಜೊತೆ ಸೇರಿ ಟೇಪಿಗೆ ಹೋಗುತ್ತಿತ್ತು. ಆಮೇಲೆ ಬೇರೆ ಮಾಡುವ ಹಾಗಿಲ್ಲ. ಯಾವುದು ಜೋರು, ಯಾವುದು ಮೆಲ್ಲಗೆ ಅನ್ನುವುದನ್ನು ಬಾರಿಸುವ ಕೈಯೇ ತೀರ್ಮಾನ ಮಾಡಬೇಕಿತ್ತು. ಟೇಪ್ ಏಟಿನ ಚೂಪನ್ನು ಸ್ವಲ್ಪ ಮೃದು ಮಾಡುತ್ತಿತ್ತು ನಿಜ. ಆದರೆ ಅದು ಕೊನೆಯ ಕೆಲಸ.

"ಇದನ್ನು ಬಾರಿಸಿದವರು ಯಾರು?" ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ.

ಮೃದಂಗದವರನ್ನು ನಾವು ಮೈಕ್ ಬಗ್ಗೆ ಕೇಳುವುದಿಲ್ಲ. ಶ್ರುತಿ ಹೇಗೆ ಕೂಡಿಸಿದಿರಿ, ಎಡಗಡೆಗೆ ರವೆ ಎಷ್ಟು ಹಚ್ಚಿದಿರಿ, ಗುರುಗಳು ಯಾರು ಅಂತ ಕೇಳುತ್ತೇವೆ. ಸೋಲ್ ಡ್ರಮ್ಮರ್‌ಗಳಿಗೆ ಆ ಮರ್ಯಾದೆ ಅವರ ಕಾಲದಲ್ಲೇ ಸಿಗಲಿಲ್ಲ. ಮೋಟೌನ್ ತನ್ನ ವಾದ್ಯದವರ ಹೆಸರನ್ನು ಆಲ್ಬಮ್ ಮೇಲೆ ಹಾಕಲು ಶುರು ಮಾಡಿದ್ದು 1971ರಲ್ಲಿ. ಬೆನ್ನಿ ಬೆಂಜಮಿನ್ 1969ರಲ್ಲೇ ತೀರಿಕೊಂಡಿದ್ದರು.

ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ವಿಷಯ ಇನ್ನೂ ನೋವಿನದು. 1969ರಲ್ಲಿ ಸಿನ್ಸಿನಾಟಿಯ ಕಿಂಗ್ ಸ್ಟುಡಿಯೋದಲ್ಲಿ, ಗಾಯಕ ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' ಹಾಡಿಗೆ ಅವರು ಬಾರಿಸಿದರು. ಹಾಡಿನ ಮಧ್ಯೆ ಉಳಿದವರು ನಿಲ್ಲಿಸುತ್ತಾರೆ, ಡ್ರಮ್ ಒಂದೇ ಕೆಲವು ಸೆಕೆಂಡ್ ಓಡುತ್ತದೆ. ಮುಂದೆ ಹಿಪ್‌ಹಾಪ್‌ನವರು ಆ ತುಣುಕನ್ನು ಲೆಕ್ಕವಿಲ್ಲದಷ್ಟು ಹಾಡುಗಳಲ್ಲಿ ಬಳಸಿದರು. ಹಾಡು ಬರೆದವರ ಪಟ್ಟಿಯಲ್ಲಿ ಸ್ಟಬಲ್‌ಫೀಲ್ಡ್ ಹೆಸರಿರಲಿಲ್ಲ. ಹಾಗಾಗಿ ರಾಯಲ್ಟಿ ಅವರಿಗೆ ಬರಲಿಲ್ಲ. 2017ರಲ್ಲಿ ಅವರು ಹೋದರು. ಸದ್ದನ್ನು ಮನುಷ್ಯನಿಂದ ಕಿತ್ತು ಒಯ್ಯುವುದು ಎಷ್ಟು ಸುಲಭ ನೋಡಿ. ರೆಕಾರ್ಡಾದ ಸದ್ದಿನ ತುಣುಕುಗಳ ಸ್ಯಾಂಪಲ್ ಪ್ಯಾಕ್ ಕೊಳ್ಳುವಾಗ ನಾವೂ ಅದನ್ನೇ ಮಾಡುತ್ತೇವೆ.

ಇವತ್ತು ಹಾಗೆ ಬಾರಿಸಿ ರೆಕಾರ್ಡ್ ಮಾಡಲು ಆಗುವುದೇ ಇಲ್ಲ ಅಂತಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಡ್ಯಾಪ್ಟೋನ್ ಅನ್ನುವ ರೆಕಾರ್ಡ್ ಕಂಪನಿಯವರು ಮಾಡಿ ತೋರಿಸಿದರು. ಒಂದು ಹಳೆಯ ಮನೆ, ಟೇಪ್ ಮಷೀನ್, ಬೆರಳೆಣಿಕೆಯ ಮೈಕ್, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಒಟ್ಟಿಗೆ ನುಡಿಸಿದ ಬ್ಯಾಂಡ್. 2006ರಲ್ಲಿ ಬಂದ ಗಾಯಕಿ ಏಮಿ ವೈನ್‌ಹೌಸ್ ಅವರ 'ಬ್ಯಾಕ್ ಟು ಬ್ಲಾಕ್' ಆಲ್ಬಮ್‌ನಲ್ಲಿ ಆ ಬ್ಯಾಂಡಿನ ಹೋಮರ್ ಸ್ಟೈನ್‌ವೈಸ್ ಬಾರಿಸಿದ್ದನ್ನು ಕೇಳಿ. ನಲವತ್ತು ವರ್ಷ ಹಳೆಯದು ಅಂದರೂ ನಂಬಬಹುದು.

ನೀವು ಮಾಡಬೇಕಾದ್ದು ಹೇಳುತ್ತೇನೆ. ಡ್ರಮ್‌ಗೆ ಬಿಳಿ ಲೇಪದ ಕೋಟೆಡ್ ಹೆಡ್ (ಬಾರಿಸುವ ಹೊದಿಕೆ) ಹಾಕಿ. ಶ್ರುತಿ ಇಳಿಸಿ. ಸ್ನೇರ್ ಮೇಲೆ ಬಟ್ಟೆ ಇಡಿ. ಮೈಕ್ ಒಂದು ಸಾಕು, ಅದನ್ನು ಕಿಟ್‌ನಿಂದ ಒಂದು ಮೀಟರ್ ದೂರದಿಂದ ಶುರು ಮಾಡಿ ಸರಿಸುತ್ತಾ ಹೋಗಿ. ಕಂಪ್ಯೂಟರ್ ಪರದೆ ನೋಡಬೇಡಿ, ಕೇಳಿ. ಬೇಸ್‌ನವರನ್ನು ಅದೇ ರೂಮಿನಲ್ಲಿ ಕೂರಿಸಿ. ಕಿವಿಯಲ್ಲಿ ತಾಳ ಎಣಿಸುವ ಕ್ಲಿಕ್ ಟ್ರ್ಯಾಕ್ ಬೇಡ. ಅರ್ಧ ಬಲದಲ್ಲಿ ಬಾರಿಸಿ, ಎರಡು ಮತ್ತು ನಾಲ್ಕನೇ ಏಟನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಟೇಪ್ ಪ್ಲಗಿನ್ ಹಾಕುವ ಆಸೆಯಿದ್ದರೆ ಇಷ್ಟೆಲ್ಲ ಆದ ಮೇಲೆ ಹಾಕಿಕೊಳ್ಳಿ, ನನ್ನ ಅಭ್ಯಂತರ ಇಲ್ಲ.

ರೆಕಾರ್ಡ್ ಆದ ಮೇಲೆ ನನಗೆ ಕಳಿಸಿ, ಖಂಡಿತ ಕೇಳುತ್ತೇನೆ. ಫೈಲಿನ ಹೆಸರಲ್ಲಿ ಡ್ರಮ್ಮರ್ ಹೆಸರು ಇರಲಿ.