ಬಿಡುವಿನ ಏರ್ಪಾಡು: ಇಂಟರ್ನ್‌ಶಿಪ್ ಮುಗಿಸಿದ ಮೇಲೆ

ಪದವಿಯ ಕೊನೆಯ ಸೆಮಿಸ್ಟರಿನ ಪೂರ್ಣಾವಧಿ ಇಂಟರ್ನ್‌ಶಿಪ್ ಮುಗಿದು, ವರದಿ ಒಪ್ಪಿಸಿ, ವೈವಾ ಕೂಡ ಕಳೆದ ವಾರ ಆಯಿತು. ನಾನು ಓದಿದ್ದು ಪ್ರವಾಸೋದ್ಯಮ. ಅದರಲ್ಲಿ ವಿಶೇಷ ವಿಷಯವಾಗಿ ಆರಿಸಿಕೊಂಡದ್ದು ಮನರಂಜನೆ ಮತ್ತು ವಿರಾಮ ಸೇವೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳು ಬಿ.ಎಡ್., ನರ್ಸಿಂಗ್, ಬ್ಯಾಂಕ್ ಪರೀಕ್ಷೆ ಎಂದರೆ ಹಿರಿಯರಿಗೆ ಕೂಡಲೇ ಅರ್ಥವಾಗುತ್ತದೆ. ಆಟ, ತಿರುಗಾಟ, ಬಿಡುವು ಇವುಗಳ ಏರ್ಪಾಡನ್ನೇ ಉದ್ಯೋಗವೆಂದು ಕಲಿಯುತ್ತಿದ್ದೇನೆ ಎಂದರೆ ಇನ್ನೊಮ್ಮೆ ಕೇಳುತ್ತಾರೆ. ಹಾಗೆ ಕೇಳಿದವರಿಗೂ, ಮುಂದಿನ ವರ್ಷ ಇದೇ ವಿಷಯ ತೆಗೆದುಕೊಳ್ಳಲಿರುವ ತಂಗಿ ತಮ್ಮಂದಿರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಇಂಟರ್ನ್‌ಶಿಪ್ ಎರಡು ಭಾಗವಾಗಿತ್ತು. ಮೊದಲ ಭಾಗ ಬೇಕಲದ ಹತ್ತಿರದ ಒಂದು ರೆಸಾರ್ಟಿನ ಮನರಂಜನಾ ವಿಭಾಗದಲ್ಲಿ, ಎರಡನೆಯದು ಗಡಿಯ ಒಂದು ಗ್ರಾಮ ಪಂಚಾಯತಿನ ಬಡ್ಸ್ ಶಾಲೆಯಲ್ಲಿ, ಅಂದರೆ ವಿಶೇಷ ಮಕ್ಕಳ ಶಾಲೆಯಲ್ಲಿ. ಎರಡರಲ್ಲಿಯೂ ಬೆಳಗ್ಗೆ ಹಾಜರಿ ಹಾಕಿ ಸಂಜೆಯವರೆಗೆ ಅಲ್ಲಿಯ ನೌಕರರಂತೆಯೇ ದುಡಿಯಬೇಕು. ತರಗತಿಯ ನಡುವೆ ಬಿಡುವು ಮಾಡಿಕೊಂಡು ಹೋಗಿ ಬರುವ ಕ್ರಮ ಇದಕ್ಕೆ ನಡೆಯುವುದಿಲ್ಲ. ಅಮೆರಿಕದಲ್ಲಿ ಚಿಕಿತ್ಸಕ ಮನರಂಜನೆಯ (ಆಟ, ಮನರಂಜನೆಗಳನ್ನೇ ಚಿಕಿತ್ಸೆಯಾಗಿ ಬಳಸುವ ಕೆಲಸದ) ತಜ್ಞರಿಗೆ ಪ್ರಮಾಣಪತ್ರ ಕೊಡುವ ಮಂಡಳಿಯು ಎಡೆಬಿಡದ 14 ವಾರಗಳ, ಕನಿಷ್ಠ 560 ಗಂಟೆಗಳ ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿದೆ ಎಂದು ಓದಿದಾಗ ಅಷ್ಟು ದೀರ್ಘ ಅವಧಿ ಏಕೆ ಎಂದು ನನಗೆ ಅನಿಸಿತ್ತು. ಮಕ್ಕಳು ಹೊಸಬರ ಮುಖಕ್ಕೆ ಹೊಂದಿಕೊಳ್ಳುವುದಕ್ಕೇ ವಾರಗಳು ಬೇಕು ಎಂಬುದನ್ನು ಕಣ್ಣಾರೆ ಕಂಡ ಮೇಲೆ ಆ ನಿಯಮದ ಹಿಂದಿನ ಕಾರಣ ತಿಳಿಯಿತು.

ರೆಸಾರ್ಟಿನ ಕೆಲಸವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸಿ ವಲಯವೆಂದು ಘೋಷಿಸಿತು. 1995ರಲ್ಲಿ ಅದರ ಅಭಿವೃದ್ಧಿಗೆಂದೇ ಒಂದು ನಿಗಮ ಹುಟ್ಟಿತು. ಕೆಳದಿಯ ಶಿವಪ್ಪನಾಯಕನ ಕಾಲದ ಮುರಕಲ್ಲಿನ ಕೋಟೆ, ಅದರ ಬುಡಕ್ಕೆ ಬಡಿಯುವ ಕಡಲು, ಸುತ್ತಲಿನ ಹಿನ್ನೀರು ಇವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬಂದವರ ದಿನವನ್ನು ಗಂಟೆಗಂಟೆಗೆ ಹೊಂದಿಸಿಕೊಡುವುದು ಮನರಂಜನಾ ವಿಭಾಗದ ಹೊಣೆ: ಬೆಳಗಿನ ನಡಿಗೆ, ಸೈಕಲ್ ಸವಾರಿ, ಮಕ್ಕಳಿಗೆ ತೆಂಗಿನ ಗರಿ ಹೆಣೆಯುವ ಆಟ, ಸಂಜೆಗೆ ಯಕ್ಷಗಾನದ ಒಂದು ತುಣುಕು. ಯಕ್ಷಗಾನ ಪ್ರಸಂಗಗಳ ಕವಿ, ಕುಂಬಳೆಯ ಪಾರ್ತಿಸುಬ್ಬನ ಜಿಲ್ಲೆಯಲ್ಲಿ ಆ ಕಲೆಯನ್ನು ಊಟದ ಮುಂಚಿನ ಅರ್ಧ ಗಂಟೆಗೆ ಕತ್ತರಿಸಿ ಬಡಿಸುವುದನ್ನು ನಾನು ಈಗಲೂ ಒಪ್ಪಲಾರೆ. ಆದರೆ ಆ ಅರ್ಧ ಗಂಟೆಯ ಹಿಂದೆ ಇರುವ ಶಿಸ್ತನ್ನು ಕಲಿತದ್ದು ಅಲ್ಲಿಯೇ. ಯಾವ ಚಟುವಟಿಕೆಯನ್ನಾದರೂ ಆರಂಭಿಸುವ ಮುಂಚೆ ಅಪಾಯದ ಪಟ್ಟಿ ಬರೆಯುವುದು, ಕಡಲಿಗೆ ಇಳಿಯುವ ಮುನ್ನ ಏರಿಳಿತದ ಸಮಯ ನೋಡುವುದು, ಹೊರಡುವಾಗ ಮತ್ತು ಮರಳುವಾಗ ತಲೆ ಎಣಿಸುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬುದನ್ನು ಮೊದಲೇ ಗೊತ್ತುಪಡಿಸುವುದು, ಇವೆಲ್ಲ ಅಲ್ಲಿ ಅಭ್ಯಾಸವಾಗಿ ಕೈಗೆ ಹತ್ತಿದವು. ನಮ್ಮ ಮೇಲ್ವಿಚಾರಕರು ಮಾತು ಕಡಿಮೆ, ಕಣ್ಣು ಹರಿತ. ಅತಿಥಿಗಳು ನಗುತ್ತಿದ್ದಾರೋ ಇಲ್ಲವೋ ಎಂಬುದಕ್ಕಿಂತ, ಗುಂಪಿನ ಅಂಚಿನಲ್ಲಿ ಸುಮ್ಮನೆ ನಿಂತವರು ಯಾರು ಎಂದು ನೋಡಲು ಹೇಳುತ್ತಿದ್ದರು.

ಅಂಚಿನಲ್ಲಿ ನಿಂತವರನ್ನು ಹುಡುಕುವ ಆ ಅಭ್ಯಾಸ ನಿಜವಾಗಿ ಬೇಕಾದದ್ದು ಬಡ್ಸ್ ಶಾಲೆಯಲ್ಲಿ. ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಸ್ಥಳೀಯ ಪಂಚಾಯತುಗಳು ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಸಹಕಾರದಿಂದ ನಡೆಸುವ ಶಾಲೆಗಳು ಇವು. ನಮ್ಮ ಜಿಲ್ಲೆಯಲ್ಲಿ ಇವುಗಳ ಮಹತ್ವ ಹೆಚ್ಚು. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಸುತ್ತಲಿನ ಊರುಗಳಲ್ಲಿ ಮಕ್ಕಳು ಅಂಗವಿಕಲರಾದದ್ದು ಅದರಿಂದ ಎಂಬುದು ಇಲ್ಲಿಯವರ ಅಳಲು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ದುಃಖದಿಂದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಪರಿಹಾರ, ಪಿಂಚಣಿ, ಔಷಧಿ ಇವುಗಳ ಬಗ್ಗೆ ನಮ್ಮ ಕಡೆ ಬಹಳ ಮಾತಾಗಿದೆ, ಆಗಲೂ ಬೇಕು. ಆ ಮಕ್ಕಳ ಆಟದ ಬಗ್ಗೆ ಆದ ಮಾತು ತೀರಾ ಕಡಿಮೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೆಯ ಕಲಮು ಸಂಸ್ಕೃತಿ ಮತ್ತು ಮನರಂಜನೆಗೇ ಮೀಸಲಾಗಿದೆ ಎಂಬುದು ನಾನು ಮಾತಾಡಿಸಿದ ಎಷ್ಟೋ ಹೆತ್ತವರಿಗೆ ಹೊಸ ಸುದ್ದಿಯಾಗಿತ್ತು.

ಶಾಲೆಯಲ್ಲಿ ನನಗೆ ವಹಿಸಿದ್ದು ಮಧ್ಯಾಹ್ನದ ಊಟದ ನಂತರದ ಅವಧಿ. ನಮ್ಮ ಪಠ್ಯದಲ್ಲಿ ಚಟುವಟಿಕೆಯ ವಿಶ್ಲೇಷಣೆ ಎಂಬ ಒಂದು ಅಧ್ಯಾಯವಿದೆ: ಒಂದು ಆಟವನ್ನು ಆಡಲು ಕೈ, ಕಣ್ಣು, ನೆನಪು, ತಾಳ್ಮೆ ಇವು ಎಷ್ಟೆಷ್ಟು ಬೇಕು ಎಂದು ಬಿಡಿಸಿ ಬರೆದು, ಆಡುವವರಿಗೆ ಯಾವುದು ಕಷ್ಟವೋ ಅಲ್ಲಿ ಆಟವನ್ನು ಬದಲಾಯಿಸಬೇಕು. ಅದಕ್ಕೆ ನಾನು ಆರಿಸಿದ್ದು ಚೆನ್ನೆಮಣೆ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಅಜ್ಜಿಯಂದಿರು ಅಟ್ಟದಿಂದ ಇಳಿಸುವ ಆ ಮಣೆಯನ್ನು ನೋಡದ ಮನೆ ನಮ್ಮಲ್ಲಿ ವಿರಳ. ಎರಡು ಸಾಲಿನಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ಬೆರಳಿನಿಂದ ಹಿಡಿಯುವುದು, ಒಂದನ್ನು ಮಾತ್ರ ಬಿಡುವುದು, ಎಣಿಸುವುದು, ತನ್ನ ಸರದಿಗೆ ಕಾಯುವುದು, ಇಷ್ಟೂ ಅದರಲ್ಲಿ ಸೇರಿವೆ.

ಮನೆಗಳಲ್ಲಿ ಮಂಜೊಟ್ಟಿ ಬೀಜವನ್ನೋ ಗುಲಗಂಜಿಯನ್ನೋ ಕಾಯಿಯಾಗಿ ಬಳಸುತ್ತಾರೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಮಕ್ಕಳ ನಡುವೆ ಇವೆರಡನ್ನೂ ಇಡುವಂತಿಲ್ಲ. ಗುಲಗಂಜಿಯ ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅವುಗಳ ಬದಲು ಹುಣಸೆ ಬೀಜ ಇಟ್ಟರೆ ಅದು ಗಂಟಲಲ್ಲಿ ಸಿಕ್ಕೀತು. ಕೊನೆಗೆ ಹೊಲಿಗೆ ಬಲ್ಲ ತಾಯಂದಿರು ಅಂಗಡಿಯಲ್ಲಿ ಉಳಿದ ರವಿಕೆಯ ಚೂರುಗಳಿಗೆ ಹತ್ತಿ ತುಂಬಿ, ಮುಷ್ಟಿಯಲ್ಲಿ ಒಂದೇ ಒಂದು ಹಿಡಿಯುವಷ್ಟು ದಪ್ಪದ ಉಂಡೆಗಳನ್ನು ಹೊಲಿದುಕೊಟ್ಟರು. ಊರಿನ ಬಡಗಿಯೊಬ್ಬರು ಹಲಸಿನ ಹಲಗೆಯಲ್ಲಿ ಸಾಲಿಗೆ ಮೂರೇ ಗುಳಿಯ, ಅಗಲವಾದ ಮಣೆ ಕೆತ್ತಿದರು. ಒಬ್ಬ ಹುಡುಗನಿಗೆ ಬೆರಳು ಬಿಡಿಸುವುದೇ ಕಷ್ಟ. ಉಂಡೆಯನ್ನು ಹಿಡಿದರೆ ಹಿಡಿದೇ ಇರುತ್ತಿದ್ದ. ಅವನ ಮಣಿಕಟ್ಟನ್ನು ಗುಳಿಯ ಅಂಚಿಗೆ ಒರಗಿಸಿ, ನಾವು ಒಂದು ಎರಡು ಎಂದು ರಾಗವಾಗಿ ಎಣಿಸುತ್ತಿದ್ದರೆ, ಎಣಿಕೆಯ ಕೊನೆಗೆ ಕೈ ತಾನಾಗಿ ಸಡಿಲವಾಗಿ ಉಂಡೆ ಬೀಳುವುದು. ಕೆಲವು ವಾರಗಳಾದ ಮೇಲೆ ಎಣಿಕೆ ಮುಗಿಯುವ ಮುಂಚೆಯೇ ಬಿಟ್ಟು, ನಮ್ಮ ಮುಖ ನೋಡಿ ಜೋರಾಗಿ ನಕ್ಕ. ನಿಯಮವನ್ನು ಬೇಕೆಂದೇ ಮುರಿದು ಆಟ ಕಟ್ಟಿದವನ ನಗು ಅದು. ನನ್ನ ದಿನಚರಿ ಪುಸ್ತಕದಲ್ಲಿ ಅಂದಿನ ಪುಟವೇ ಅತಿ ಉದ್ದವಾದದ್ದು.

ಆ ಎಣಿಕೆ ತುಳುವಿನಲ್ಲಿ ನಡೆಯಿತು ಎಂಬುದನ್ನೂ ಹೇಳಬೇಕು. ಗಡಿಯ ಪಂಚಾಯತುಗಳಲ್ಲಿ ಮಕ್ಕಳು ಮನೆಯಲ್ಲಿ ಕೇಳುವುದು ತುಳು, ಕನ್ನಡ, ಮರಾಠಿ, ಬ್ಯಾರಿ, ಮಲಯಾಳಂ ಹೀಗೆ ಹಲವು ಮಾತುಗಳನ್ನು. ತರಬೇತಿಯ ಕೈಪಿಡಿ, ಚಿತ್ರದ ಕಾರ್ಡು, ಅರ್ಜಿ ನಮೂನೆ ಬಹುಮಟ್ಟಿಗೆ ಮಲಯಾಳಂನಲ್ಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಲು ಅವಕಾಶವಿದೆ. ಹೆತ್ತವರ ಒಪ್ಪಿಗೆ ಪತ್ರವನ್ನು ನಾನು ಕನ್ನಡದಲ್ಲಿ ಬರೆದು ಕೊಟ್ಟಾಗ, ಅಲ್ಲಿಯವರೆಗೆ ತೋರಿಸಿದಲ್ಲಿ ಸಹಿ ಹಾಕುತ್ತಿದ್ದ ತಾಯಂದಿರು ಅದನ್ನು ಮನೆಗೆ ಒಯ್ದು ಓದಿ, ಪ್ರಶ್ನೆಗಳೊಂದಿಗೆ ಮರಳಿದರು. ಬಸ್ಸಿನಲ್ಲಿ ಯಾರು ಪಕ್ಕದಲ್ಲಿ ಕೂರುತ್ತಾರೆ, ಅಪಸ್ಮಾರದ ಮಾತ್ರೆಯನ್ನು ಯಾರು ಕೊಡುತ್ತಾರೆ, ಬಿಸಿಲಿಗೆ ನೆರಳು ಇದೆಯೇ? ಒಪ್ಪಿಗೆ ಎಂದರೆ ಇದು.

ಆ ಒಪ್ಪಿಗೆ ಪತ್ರ ಬೇಕಾದದ್ದು ಬೇಕಲದ ಪ್ರವಾಸಕ್ಕೆ. ಅದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಆ ಮಕ್ಕಳಲ್ಲಿ ಹಲವರು ಕಡಲನ್ನು ನೋಡಿರಲಿಲ್ಲ. ರೆಸಾರ್ಟಿನಲ್ಲಿ ನನ್ನೊಂದಿಗೆ ದುಡಿದವರು ತಮ್ಮ ವಾರದ ರಜೆಯ ದಿನ ಸ್ವಯಂಸೇವಕರಾಗಿ ಬರಲು ಒಪ್ಪಿದರು. ಹಿಂದಿನ ದಿನವೇ ಹೋಗಿ ಜಾಗ ನೋಡಿದೆವು: ಬಸ್ಸು ನಿಲ್ಲುವಲ್ಲಿಂದ ಮರಳಿನವರೆಗೆ ಎಷ್ಟು ಮೆಟ್ಟಿಲು, ಗಾಲಿಕುರ್ಚಿ ಒಳಗೆ ಹೋಗುವ ಶೌಚಾಲಯ ಎಲ್ಲಿ, ಸಂಜೆ ನೆರಳು ಯಾವ ಕಡೆ ಬೀಳುತ್ತದೆ. ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಮರಳಿನಲ್ಲಿ ಹೂತುಹೋಗುತ್ತವೆ. ಕುರ್ಚಿಯನ್ನು ತಿರುಗಿಸಿ ದೊಡ್ಡ ಗಾಲಿಗಳು ಮುಂದಾಗುವಂತೆ ಹಿಂದಕ್ಕೆ ಎಳೆದರೆ ಸಾಗುತ್ತದೆ. ಅದರ ಜೊತೆಗೆ ತೆಂಗಿನ ನಾರಿನ ಉದ್ದನೆಯ ಚಾಪೆಗಳನ್ನು ತಂದು, ಒಂದರ ತುದಿಗೆ ಇನ್ನೊಂದನ್ನು ಹಾಸಿ, ಹಿಂದಿನದನ್ನು ಎತ್ತಿ ಮುಂದಕ್ಕೆ ಹಾಸುತ್ತ ಒದ್ದೆ ಮರಳಿನವರೆಗೆ ದಾರಿ ಮಾಡಿದೆವು. ಒದ್ದೆ ಮರಳು ಗಟ್ಟಿ. ಅಲ್ಲಿ ಕುರ್ಚಿ ನಿಲ್ಲುತ್ತದೆ. ಅಲೆಯ ನೊರೆ ಕಾಲಿಗೆ ತಾಗುವಷ್ಟು ದೂರಕ್ಕೆ ಮಾತ್ರ ಹಗ್ಗ ಕಟ್ಟಿ, ಪ್ರತಿ ಮಗುವಿನ ಜೊತೆ ಒಬ್ಬ ದೊಡ್ಡವರನ್ನು ಹೆಸರು ಹಿಡಿದು ಗೊತ್ತುಪಡಿಸಿದ್ದೆವು. ಆ ದೊಡ್ಡವರು ಮಗುವಿನ ತಾಯಿ ಆಗಿರಬಾರದು ಎಂಬುದು ನಾನು ಹಟ ಹಿಡಿದು ಸೇರಿಸಿದ ನಿಯಮ.

ಈ ಇಂಟರ್ನ್‌ಶಿಪ್ಪಿನಿಂದ ನನಗೆ ಹೇಳಲಿಕ್ಕೆ ಇರುವ ಮುಖ್ಯ ವಿಷಯ ಆ ನಿಯಮಕ್ಕೆ ಸೇರಿದ್ದು. ಇಪ್ಪತ್ತು ದಾಟಿದ ಮಗನನ್ನು ಎತ್ತಿ ಮೀಯಿಸಿ, ಉಣ್ಣಿಸಿ, ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಬದಲಿಸುವ ತಾಯಿಗೆ ಭಾನುವಾರವಿಲ್ಲ, ಮದುವೆ ಜಾತ್ರೆಗಳಿಲ್ಲ, ಜ್ವರ ಬಂದರೆ ಮಲಗುವ ಅವಕಾಶವೂ ಇಲ್ಲ. ವಿರಾಮ ಸೇವೆ ಎಂಬ ಹೆಸರಿನಲ್ಲಿ ನಾವು ಮಕ್ಕಳ ಲೆಕ್ಕವನ್ನಷ್ಟೇ ಬರೆಯುತ್ತೇವೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ತಾಯಿ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ಬಿಡುವು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಆ ಪ್ರತಿಯೊಬ್ಬರಲ್ಲಿ ಇವರೂ ಸೇರಬೇಕಾದರೆ ಮಗುವನ್ನು ನಂಬಿ ಒಪ್ಪಿಸಬಹುದಾದ, ಪಳಗಿದ ಇನ್ನೊಂದು ಜೊತೆ ಕೈ ಬೇಕು. ಮಕ್ಕಳ ಪ್ರವಾಸವನ್ನು ನಾವು ಹೊಂದಿಸಿದ್ದು ಆ ಕೈಗಳನ್ನು ಮೊದಲು ಹೊಂದಿಸಿಕೊಂಡು.

ಮರಳಿನ ಮೇಲೆ ಎಲ್ಲರೂ ಕುಳಿತ ಸ್ವಲ್ಪ ಹೊತ್ತಿನ ಮೇಲೆ ಒಬ್ಬ ತಾಯಿ ನನ್ನ ಹತ್ತಿರ ಬಂದು, “ಟೀಚರೇ, ನಾನು ಆ ಬಂಡೆಯವರೆಗೆ ಒಬ್ಬಳೇ ನಡೆದು ಬರಲಾ? ಇವ ಕೂಗಿದರೆ ಓಡಿ ಬರ್ತೇನೆ” ಎಂದರು. “ಹೋಗಿ ಬನ್ನಿ ಅಕ್ಕ, ನಾವಿದ್ದೇವೆ” ಎಂದೆ. ಹೋದರು. ಮೊದಲು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದವರು ಬಂಡೆಯ ಹತ್ತಿರ ಹೋದ ಮೇಲೆ ತಿರುಗಲಿಲ್ಲ. ಮಗ ನಮ್ಮ ಸ್ವಯಂಸೇವಕನ ಮಡಿಲಲ್ಲಿ ನೊರೆಗೆ ಕಾಲು ಕೊಟ್ಟು ಕುಳಿತಿದ್ದ. ಇದನ್ನು ಮೌಲ್ಯಮಾಪನದ ಯಾವ ಅಂಕಣದಲ್ಲಿ ಬರೆಯಬೇಕೆಂದು ನಮೂನೆಯಲ್ಲಿ ಜಾಗವಿರಲಿಲ್ಲ. ವರದಿಯಲ್ಲಿ ನಾನು ಅದಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಬರೆದೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಹೆಚ್ಚು ಹೊತ್ತು ಪ್ರಶ್ನೆ ಕೇಳಿದ್ದೂ ಆ ಅಧ್ಯಾಯದ ಮೇಲೆಯೇ.

ಮುಂದೆ ಬರುವವರಿಗೆ ಒಂದೆರಡು ಮಾತು. ದಿನಚರಿ ಪುಸ್ತಕವನ್ನು ಅಂದಂದೇ ಬರೆಯಿರಿ. ಗಂಟೆಯ ಲೆಕ್ಕಕ್ಕೆ ಮೇಲ್ವಿಚಾರಕರ ಸಹಿಯನ್ನು ವಾರ ವಾರವೂ ಪಡೆಯಿರಿ. ಮಕ್ಕಳ ಫೋಟೊ ತೆಗೆಯುವ ಮುಂಚೆ ಮನೆಯವರನ್ನು ಕೇಳಿ, ತೆಗೆದದ್ದನ್ನು ವಾಟ್ಸಾಪಿನಲ್ಲಿ ಹರಿಯಬಿಡಬೇಡಿ. ಸ್ಟೈಪೆಂಡ್ ಇಲ್ಲದ ಜಾಗಕ್ಕೆ ಹೋಗುವುದಾದರೆ ಬಸ್ಸಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಮನೆಯಲ್ಲಿ ತಿಳಿಸಿ. ಕಾಲೇಜಿನವರು ಬಡ್ಸ್ ಶಾಲೆಯಂಥ ಸಮುದಾಯದ ಭಾಗವನ್ನು ಐಚ್ಛಿಕ ಮಾಡಿ, ಇಡೀ ಅವಧಿಯನ್ನು ಹೋಟೆಲುಗಳಿಗೇ ಬಿಟ್ಟುಕೊಡುವ ಯೋಚನೆಯಲ್ಲಿದ್ದಾರೆ ಎಂದು ಕೇಳಿದ್ದೇನೆ. ಹಾಗೆ ಮಾಡಬಾರದೆಂದು ಬರಹದಲ್ಲಿ ಕೊಟ್ಟಿದ್ದೇನೆ, ನೀವೂ ಕೊಡಿ.

ಚೆನ್ನೆಮಣೆಯೂ ಬಟ್ಟೆಯ ಉಂಡೆಗಳೂ ಶಾಲೆಯ ಕಪಾಟಿನಲ್ಲಿವೆ. ಉಂಡೆಗಳನ್ನು ವಾರಕ್ಕೊಮ್ಮೆ ತೊಳೆದು ಬಿಸಿಲಿಗೆ ಹಾಕಬೇಕು. ಪ್ರತಿ ಮಗುವಿಗೆ ಯಾವ ಆಟ ಇಷ್ಟ, ಯಾವ ಸದ್ದಿಗೆ ಹೆದರಿಕೆ, ಎಷ್ಟು ಹೊತ್ತು ಕೂರುತ್ತದೆ ಎಂಬುದನ್ನು ಕನ್ನಡ ಲಿಪಿಯಲ್ಲಿ, ತುಳುವಿನ ಎಣಿಕೆಯ ಪದಗಳೊಂದಿಗೆ ಬರೆದ ಕಡತ ಮುಖ್ಯ ಶಿಕ್ಷಕಿಯ ಬಳಿ ಇದೆ. ಸ್ವಯಂಸೇವಕರ ಪಟ್ಟಿ ಅದರ ಕೊನೆಯ ಪುಟದಲ್ಲಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕಡಲಿನ ಹತ್ತಿರ ಹೋಗುವಂತಿಲ್ಲ. ಮುಂದಿನ ಪ್ರವಾಸವನ್ನು ಓಣಂ ರಜೆ ಕಳೆದ ಮೇಲೆ ಇಟ್ಟುಕೊಳ್ಳುವುದೆಂದು ತಾಯಂದಿರೊಡನೆ ಮಾತಾಗಿದೆ, ನಾರಿನ ಚಾಪೆಗಳನ್ನು ಅದಕ್ಕೆ ಎರಡು ವಾರ ಮುಂಚೆ ಕೇಳಿ ಇಡಬೇಕು.